ಎರಡನೆಯ ಚೀಟಿಯ ಮಸಿ

೧೯೬೨ರ ಫೆಬ್ರವರಿ ೧೩, ಮಂಗಳವಾರ. ಬೆಳಿಗ್ಗೆ ಹತ್ತೂಕಾಲಿಗೆ ಕಲ್ಲು ಕಡಿಯುವ ಕುಂಞಿ ಮೋನು ಸುಳ್ಯ ಠಾಣೆಯ ಮೆಟ್ಟಿಲ ಮೇಲೆ ಬಂದು ನಿಂತ. ಹುಬ್ಬಿನವರೆಗೂ ಕೆಂಪು ಧೂಳು. ಕೊಲ್ಲಮೊಗ್ರಿನ ಕಾಡಂಚಿನ ಸರಕಾರಿ ಜಾಗದಲ್ಲಿ ಮುರಕಲ್ಲು ತೆಗೆಯಲು ಮೇಲ್ಮಣ್ಣು ಸರಿಸುವಾಗ ಪಿಕಾಸಿಗೆ ಮನುಷ್ಯನ ತಲೆ ಸಿಕ್ಕಿತೆಂದು ಹೇಳಿದ.

"ತಲೆ ಮಾತ್ರವಾ?" ಎಂದು ಹೆಡ್ ಕಾನ್‌ಸ್ಟೇಬಲ್ ಕಿಟ್ಟಣ್ಣ ಕೇಳಿದ.

"ಉಳಿದದ್ದು ಲೆಕ್ಕ ಮಾಡ್ಲಿಕ್ಕೆ ನಾನು ನಿಲ್ಲಲಿಲ್ಲ ಮಾರಾಯ್ರೆ."

ಮಧ್ಯಾಹ್ನ ಮೂರೂವರೆಗೆ ಸಬ್‌ಇನ್‌ಸ್ಪೆಕ್ಟರ್ ದೇವದಾಸ ಸ್ಥಳದಲ್ಲಿ ಪಂಚನಾಮೆ ಬರೆಸಿದ. ಎರಡೂವರೆ ಅಡಿ ಆಳ. ಗಂಡಸಿನ ಅಸ್ಥಿಪಂಜರ, ಮಗ್ಗುಲಾಗಿ ಮಲಗಿಸಿದ್ದು. ತಲೆಬುರುಡೆಯ ಹಿಂಭಾಗದಲ್ಲಿ ಮೂರು ಕಡೆ ಒಡೆತ. ಒಂದು ಕಡೆ ಮೂಳೆ ಒಳಕ್ಕೆ ಕುಸಿದು ಬೆರಳು ಹೋಗುವಷ್ಟು ತೂತು. ಬಟ್ಟೆಯ ಒಂದು ಎಳೆಯೂ ಇಲ್ಲ. ಸೊಂಟದ ಮೂಳೆಯ ಬಳಿ ಮಾತ್ರ ಕಿರುಬೆರಳುದ್ದದ ತಾಮ್ರದ ತಾಯಿತ, ಎರಡೂ ತುದಿಗೆ ಅರಗಿನ ಮುಚ್ಚಳ.

ಹತ್ತರಿಂದ ಹದಿನೈದು ವರ್ಷ ಹಿಂದೆ ಸತ್ತವ, ಮೊಂಡಾದ ಭಾರದ ವಸ್ತುವಿನಿಂದ ಮೂರು ಏಟು ಎಂದು ಪುತ್ತೂರಿನ ಸರಕಾರಿ ಡಾಕ್ಟರು ಬರೆದುಕೊಟ್ಟರು. ಕೊಲೆ ಮತ್ತು ಸಾಕ್ಷ್ಯನಾಶದ ಎಫ್‌ಐಆರ್ ದಾಖಲಾಯಿತು. ತಾಯಿತವನ್ನು ಮೊಹರು ಮಾಡಿ ಬೆಂಗಳೂರಿಗೆ, ರಾಸಾಯನಿಕ ಪರೀಕ್ಷಕರಿಗೆ ಕಳಿಸಲಾಯಿತು.

ಉತ್ತರ ಬರುವವರೆಗೆ ಕಾಯುವ ತಾಳ್ಮೆ ಸರ್ಕಲ್ ಇನ್‌ಸ್ಪೆಕ್ಟರಿಗೆ ಇರಲಿಲ್ಲ. "ತಾಯಿತ ನಿಮ್ಮವರದ್ದು. ಹೆಣವೂ ನಿಮ್ಮವರದ್ದೇ" ಎಂದು ದೂರು ತಂದ ಕುಂಞಿ ಮೋನುವನ್ನೇ ಎರಡು ದಿನ ಲಾಕಪ್ಪಿನಲ್ಲಿ ಕೂರಿಸಿದರು. ಮೊದಲ ದಿನ ಅಂಗಾಲಿಗೆ ಲಾಠಿ ಬಿತ್ತು. ಎರಡನೆಯ ದಿನ ಎರಡು ಉಗುರು ಕಿತ್ತುಬಂದವು. ಪಕ್ಕದ ಕೋಣೆಯಲ್ಲಿ ದೇವದಾಸ ಕೇಸ್ ಡೈರಿ ಬರೆಯುತ್ತ ಕುಳಿತಿದ್ದ. ಲೇಖನಿ ನಿಲ್ಲಿಸಲಿಲ್ಲ, ಎದ್ದು ಹೋಗಲೂ ಇಲ್ಲ. ಮೂರನೆಯ ದಿನ ಕುಂಞಿ ಮೋನು ಗೋಡೆ ಹಿಡಿದುಕೊಂಡು ಹೊರಗೆ ಬಂದ. "ಇನ್ನು ತಲೆ ಸಿಕ್ಕಿದ್ರೆ ಅಲ್ಲೇ ಮುಚ್ಚಿಬಿಡ್ತೇನೆ ಧಣಿ" ಎಂದ.

ಮಾರ್ಚ್ ೨೭ರಂದು ಬೆಂಗಳೂರಿನ ವರದಿ ಬಂತು. ತಾಯಿತದೊಳಗೆ ಇದ್ದದ್ದು ಒಂದಲ್ಲ, ಎರಡು ಕಾಗದದ ಚೀಟಿಗಳು. ಎರಡರಲ್ಲೂ ಅರಬ್ಬಿ ಲಿಪಿ. ಮೊದಲನೆಯದರ ಬರಹ ಇಂಗಾಲದ ಕಪ್ಪು, ಗಿಡದ ಅಂಟಿನಲ್ಲಿ ಕಲಸಿದ್ದು. ಆಮ್ಲ ಹಾಕಿದರೂ ಕ್ಷಾರ ಹಾಕಿದರೂ ಬಣ್ಣ ಕದಲಲಿಲ್ಲ. ಎರಡನೆಯದರ ಮಸಿ ಅನ್ನಭೇದಿ ಎಂಬ ಕಬ್ಬಿಣದ ಲವಣ ಮತ್ತು ಅಳಲೆಕಾಯಿಯ ಒಗರಿನಿಂದ ಆದದ್ದು. ಪರೀಕ್ಷೆಯ ದ್ರಾವಣ ತಾಗಿದೊಡನೆ ಅಂಚು ಕಡುನೀಲಿಯಾಯಿತು, ಅಂದರೆ ಕಬ್ಬಿಣ ಇದೆ. ಆ ಮಸಿಯ ಆಮ್ಲ ಕಾಗದದ ನಾರನ್ನು ತಿಂದುಹಾಕಿದ್ದರಿಂದ ಅಕ್ಷರಗಳಿದ್ದಲ್ಲಿ ಈಗ ಅಕ್ಷರದ ಆಕಾರದ ತೂತುಗಳಿವೆ. ತಾಮ್ರದ ಕಿಲುಬು ಬೂಷ್ಟನ್ನು ತಡೆದದ್ದರಿಂದ ಚೀಟಿಗಳು ಉಳಿದವು. ಸೊಂಟದ ನೂಲು, ಬಟ್ಟೆ ಎಲ್ಲ ಮಣ್ಣಾದವು. ಮುಚ್ಚಳದ ಅರಗು ಎರಡು ಸಲ ಹಾಕಿದ್ದು. ವರದಿಯ ಜೊತೆಗೆ ಎರಡು ಫೋಟೋ ಇದ್ದವು.

ಮರುದಿನ ದೇವದಾಸನೂ ಕಿಟ್ಟಣ್ಣನೂ ಕಡಬಕ್ಕೆ ಹೋದರು. ಆ ಸೀಮೆಯಲ್ಲಿ ತಾಯಿತ ಬರೆಯುವ ಮನೆ ಒಂದೇ: ತೀರಿಹೋದ ಧರ್ಮಗುರು ಆದಂ ಕುಂಞಿ ಮುಸ್ಲಿಯಾರರದ್ದು. ಈಗ ಮಗ ಅಲಿ ಕುಂಞಿ ಬರೆಯುತ್ತಾನೆ. ಅವನು ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದರಲ್ಲಿ ಹೆಸರುಂಟು. ಸೀನ, ತಾಯಿ ಸೀತು, ಕೊಲ್ಲಮೊಗ್ರು."

"ಹಿಂದೂ ಹೆಸರಲ್ವಾ?" ಎಂದ ದೇವದಾಸ.

"ತಾಯಿತಕ್ಕೆ ಎಲ್ಲರೂ ಬರ್ತಾರೆ. ಬರೆಯುದು ತಾಯಿಯ ಹೆಸರಲ್ಲೇ. ಹೆತ್ತದ್ದು ಯಾರು ಅನ್ನುದರಲ್ಲಿ ತಪ್ಪಾಗುದಿಲ್ಲ ನೋಡಿ." ಕಿಟ್ಟಣ್ಣ ನಗಲಿಕ್ಕೆ ಹೋಗಿ ತಡೆದುಕೊಂಡ.

"ಎರಡನೆಯದು?"

"ಅದೇ ಹೆಸರು. ಹೊಡೆಯುವ ಕೈಯ ಸಿಟ್ಟು ತಣಿಯಲಿಕ್ಕೆ ಬರೆದದ್ದು. ಅಕ್ಷರ ನನ್ನದು. ಯಾವಾಗ ಅಂತ ನೆನಪಿಲ್ಲ."

ಒಳಬಾಗಿಲ ಪರದೆಯ ಹಿಂದೆ ಬಳೆ ಸದ್ದಾಯಿತು. ಅಲಿ ಕುಂಞಿಯ ತಾಯಿ ಕದೀಜಮ್ಮ ಫೋಟೋ ಕೇಳಿ ಒಳಗೆ ತರಿಸಿಕೊಂಡಳು.

"ಮೊದಲನೆಯದು ನಾನು ಅರೆದ ಮಸಿ" ಎಂದಳು. "ಅಕ್ಕಿ ಕರಿಯಾಗುವವರೆಗೆ ಹುರಿದು, ದೀಪದ ಕಾಡಿಗೆ ಸೇರಿಸಿ, ಗೇರುಮರದ ಅಂಟಲ್ಲಿ ಏಳು ದಿನ ಅರೆಯುದು. ಮೂವತ್ತು ವರ್ಷ ಅವರು ಬರೆದದ್ದು ಅದರಲ್ಲೇ. ಅವರು ಹೋದ ಮೇಲೆ ನಾನು ಆ ಕಲ್ಲು ಮುಟ್ಟಲಿಲ್ಲ. ಇವ ಪುತ್ತೂರಿಂದ ಮಸಿಪುಡಿ ತಂದು ನೀರಿಗೆ ಹಾಕ್ತಾನೆ."

"ಮುಸ್ಲಿಯಾರರು ತೀರಿದ್ದು ಯಾವಾಗ?"

"ಐವತ್ತೊಂದನೇ ಇಸವಿ, ಜನವರಿ ಹದಿನೆಂಟು." ಅವಳು ಅದನ್ನು ಲೆಕ್ಕ ಹಾಕದೆ ಹೇಳಿದಳು.

"ಕಟ್ಟಿದ ತಾಯಿತ ಬಿಚ್ಚಿ ಎರಡನೇ ಚೀಟಿ ಹಾಕ್ಲಿಕ್ಕೆ ಯಾರು ತಂದರೂ ಆಗ್ತದಾ?"

"ಹೇಗಾಗ್ತದೆ? ತಾಯಿ ತರ್ಬೇಕು. ಬೇರೆಯವರು ತಂದ್ರೆ ನಾವು ಅರಗು ಮುಟ್ಟುದಿಲ್ಲ." ಆಮೇಲೆ ಏನೋ ಹೊಳೆದಂತೆ ಅವಳ ದನಿ ಕುಗ್ಗಿತು. "ಸೀತುವಿಗೆ ಎಂತ ಆಯ್ತು ಸ್ವಾಮಿ?"

ಅದೇ ಸಂಜೆ ಕಿಟ್ಟಣ್ಣ ಕೊಲ್ಲಮೊಗ್ರಿನಲ್ಲಿ ವಿಚಾರಿಸಿಕೊಂಡು ಬಂದ. ಸೀನ ೧೯೪೯ರ ದೀಪಾವಳಿಯ ಮರುದಿನ ಮುಂಬಯಿಗೆಂದು ಸುಬ್ರಹ್ಮಣ್ಯದಲ್ಲಿ ಬಸ್ಸು ಹತ್ತಿದ್ದನ್ನು ನೆರೆಯ ಚೆನ್ನು ಕಣ್ಣಾರೆ ನೋಡಿದ್ದಳು. ತಿರುಗಿ ಬಂದದ್ದನ್ನು ಯಾರೂ ನೋಡಿಲ್ಲ. ಆದರೆ ಎರಡನೆಯ ಚೀಟಿ ಮುಸ್ಲಿಯಾರರು ತೀರಿದ ಮೇಲಿನದು, ಅಂದರೆ ಅವನು ಬಂದಿದ್ದ, ಅದು ತಾಯಿಗೆ ಗೊತ್ತಿತ್ತು. ಮನೆಯಲ್ಲಿರುವುದು ತಾಯಿ ಸೀತು, ಹೆಂಡತಿ ಸುಂದರಿ, ಇಬ್ಬರೇ. "ಅವ ಹೋದ ಮೇಲೆ ಆ ಹೆಂಗಸರ ಮೈಗೆ ಮಾಂಸ ಬಂತು" ಎಂದಿದ್ದಳು ಚೆನ್ನು.

ಸರ್ಕಲ್ ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. "ಹೆಂಡತಿಯೇ. ನಾಳೆ ಸಂಜೆಯೊಳಗೆ ಅವಳು ಲಾಕಪ್ಪಿನಲ್ಲಿರಬೇಕು. ಬಾಯಿ ಬಿಡಿಸುವುದು ನನಗೆ ಬಿಡಿ."

ದೇವದಾಸನಿಗೆ ಕುಂಞಿ ಮೋನುವಿನ ಕಾಲು ಕಣ್ಣಮುಂದೆ ಬಂತು. ನಾಳೆ ಸಂಜೆಯೊಳಗೆ ಸತ್ಯ ಸಿಗದಿದ್ದರೆ ಆ ಕೋಣೆಗೆ ಹೋಗುವುದು ಒಬ್ಬ ಹೆಂಗಸು. ಪಕ್ಕದಲ್ಲಿ ಲೇಖನಿ ಹಿಡಿದು ಕೂರುವವನು ತಾನು.

ಮಾರ್ಚ್ ೨೯, ಗುರುವಾರ. ಬೆಳಿಗ್ಗೆ ಒಂಬತ್ತಕ್ಕೆ ಅವರು ಸೀತುವಿನ ಜಗಲಿಯಲ್ಲಿದ್ದರು. ಸುಂದರಿಗೆ ನಲವತ್ತು ದಾಟಿರಲಿಲ್ಲ. ಅವಳ ಎಡ ಮೊಣಕೈ ಸೊಟ್ಟಗೆ ಕೂಡಿಕೊಂಡಿತ್ತು. ಹಣೆಯ ಬದಿಯಲ್ಲಿ ಕೂದಲು ಹುಟ್ಟದ ಒಂದು ಪಟ್ಟಿ. ಸೀತು ಕಂಬಕ್ಕೊರಗಿ ಕುಳಿತು ಸಬ್‌ಇನ್‌ಸ್ಪೆಕ್ಟರನ ಬೂಟುಗಳನ್ನು ನೋಡುತ್ತಿದ್ದಳು.

"ನಿನ್ನ ಗಂಡ ಸತ್ತದ್ದು ಗೊತ್ತುಂಟಾ?"

"ಉಂಟು" ಎಂದಳು ಸುಂದರಿ. "ಕೊಂದದ್ದು ನಾನು."

"ಯಾವುದರಿಂದ?"

"ಒನಕೆಯಿಂದ."

"ಎಷ್ಟು ಏಟು?"

ಅವಳು ತಡವರಿಸಿದಳು. "ಒಂದು."

ದೇವದಾಸ ಪುಸ್ತಕ ಮುಚ್ಚಿದ. "ನೀನು ಅಲ್ಲಿರಲಿಲ್ಲ."

"ಇದ್ದಳು" ಎಂದಳು ಸೀತು. "ಬಿದ್ದಿದ್ದಳು. ಅವಳನ್ನು ಬಿಡಿ ಸ್ವಾಮಿ. ಮೂರು ಏಟು ಹಾಕಿದ್ದು ನಾನು."

ಸುಂದರಿ ಅತ್ತೆಯ ಕಡೆ ತಿರುಗಲಿಲ್ಲ. "ನನಗೆ ಎಚ್ಚರಾದಾಗ ನೆಲ ಸಾರಿಸಿತ್ತು" ಎಂದಳು, ಕಿಟ್ಟಣ್ಣನಿಗೆ ಹೇಳುವವಳಂತೆ. "ನಡುಮಧ್ಯಾಹ್ನ ಯಾರು ನೆಲ ಸಾರಿಸ್ತಾರೆ? ಅವ ಪುನಃ ಓಡಿಹೋದ ಹೇಳಿದ್ರು ಅತ್ತೆ. ಹನ್ನೊಂದು ವರ್ಷ ನಾನು ಕೇಳಲಿಲ್ಲ. ಕೇಳಿದ್ರೆ ಅವರು ಹೇಳಿಬಿಡ್ತಿದ್ರು."

ಸೀತು ತಾನಾಗಿಯೇ ಹೇಳತೊಡಗಿದಳು. ೧೯೫೧ರ ಮೇ ತಿಂಗಳು. ಮುಂಬಯಿಯಲ್ಲಿ ಯಾರಿಗೋ ಚೂರಿ ಹಾಕಿ ಸೀನ ಕಾಡಿನ ದಾರಿಯಾಗಿ ಬಂದು ಅಟ್ಟದಲ್ಲಿ ಅಡಗಿದ. ಮೂರನೆಯ ದಿನ ಸುಂದರಿಯ ಕೈಯನ್ನು ಹೊಸ್ತಿಲಿಗೆ ಅಡ್ಡ ಹಿಡಿದು ತುಳಿದು ಮುರಿದ. "ಅವನಿಗೆ ನಿದ್ದೆ ಹತ್ತಿದ ಮೇಲೆ ತಾಯಿತ ಬಿಚ್ಚಿಕೊಂಡು ಕಡಬಕ್ಕೆ ನಡೆದೆ. ಕೈ ತಣಿಯುವ ಹಾಗೆ ಎಂತಾದ್ರೂ ಬರೆದುಕೊಡಿ ಹೇಳಿದೆ. ಸಣ್ಣ ಮುಸ್ಲಿಯಾರ್ರು ಬರೆದು ಕೊಟ್ರು. ತಂದು ಕಟ್ಟಿದೆ. ಐದು ದಿನ ಕಾದೆ."

"ಮತ್ತೆ?"

"ಎಂಟನೇ ದಿನ ಗಂಜಿಗೆ ಉಪ್ಪು ಹೆಚ್ಚಾಯ್ತು. ಇವಳ ಕೂದಲು ಹಿಡಿದು ಕಡೆಯುವ ಕಲ್ಲಿಗೆ ತಲೆ ಬಡಿದ. ನಾಲ್ಕು ಸಲ. ಕಲ್ಲಲ್ಲಿದ್ದ ಮಸಾಲೆಯ ಅರಪ್ಪಿಗೆ ರಕ್ತ ಕೂಡಿತು. ಇವಳ ಕಣ್ಣಿನ ಬಿಳಿ ಮಾತ್ರ ಕಾಣ್ತಿತ್ತು. ಅವ ಐದನೇ ಸಲಕ್ಕೆ ಎತ್ತಿದ. ನಾನು ಒನಕೆ ತೆಗೆದೆ."

ಹಾಕಿದ್ದ ಬಟ್ಟೆ, ಕಿವಿಯ ಒಂಟಿ, ಬೆರಳಿನ ಉಂಗುರ, ಎಲ್ಲ ಬಿಚ್ಚಿದಳಂತೆ. ಬಟ್ಟೆ ಒಲೆಗೆ, ಉಳಿದದ್ದು ಹೊಳೆಗೆ. ಒಬ್ಬಳೇ ಎಳೆದುಕೊಂಡು ಹೋಗಿ ಕಾಡಿನ ಬದಿಯಲ್ಲಿ ಗುಂಡಿ ತೋಡಿದಳು. ಹಾರೆಯ ಹಿಡಿ ಅಂಗೈ ಸಿಗಿದಿತ್ತು.

"ತಾಯಿತ ಯಾಕೆ ಬಿಟ್ಟದ್ದು? ಅದಿಲ್ಲದಿದ್ದರೆ ನಾವು ನಿಮ್ಮ ಮನೆಗೆ ಬರ್ತಿರಲಿಲ್ಲ."

ಪ್ರಶ್ನೆಯೇ ಅರ್ಥವಾಗದವಳಂತೆ ಸೀತು ಅವನನ್ನು ನೋಡಿದಳು. "ಅದನ್ನೂ ಬಿಚ್ಚಿದ್ರೆ ಅವನಿಗೆ ಮತ್ತೆ ಯಾರುಂಟು ಅಲ್ಲಿ?"

ದೇವದಾಸ ಕಿಟ್ಟಣ್ಣನಿಗೆ ಬರೆಯುವುದನ್ನು ನಿಲ್ಲಿಸಲು ಸನ್ನೆ ಮಾಡಿದ.

"ನೋಡಿ ಅಮ್ಮ. ಸೊಸೆಯ ಜೀವ ಉಳಿಸ್ಲಿಕ್ಕೆ ಹೊಡೆದ ಏಟಿಗೆ ಕಾನೂನಿನಲ್ಲಿ ರಕ್ಷಣೆ ಉಂಟು. ಉಳಿದ ಎರಡರದ್ದೇ ಕಷ್ಟ. ಬಿದ್ದವ ಎದ್ದನಾ? ಪುನಃ ಇವಳ ಮೇಲೆ ಬಂದನಾ? ಯೋಚನೆ ಮಾಡಿ ಹೇಳಿ."

"ಏಳಲಿಲ್ಲ."

"ಕೈ ಎತ್ತಿದನಾ?"

"ಇಲ್ಲ. ಅಮ್ಮಾ ಅಂತ ಕರೆದ."

ಸೀತು ಸೆರಗನ್ನು ಮೊಣಕಾಲ ಮೇಲಕ್ಕೆ ಎಳೆದುಕೊಂಡಳು.

"ಸಣ್ಣದಿರುವಾಗ ಬಿದ್ದರೆ ಕರೀತಿದ್ದನಲ್ಲ, ಅದೇ ಸ್ವರ. ಇನ್ನೊಂದು ಸಲ ಕರೆದ್ರೆ ನಾನು ನೀರು ಕುಡಿಸ್ತೇನೆ, ಎತ್ತಿ ಕೂರಿಸ್ತೇನೆ, ಗಾಯಕ್ಕೆ ಅರಶಿನ ಹಾಕ್ತೇನೆ. ನನಗೆ ನನ್ನದು ಗೊತ್ತುಂಟಲ್ಲ ಸ್ವಾಮಿ. ಅವ ಗುಣವಾದ ಮೇಲೆ ಇವಳು ಬದುಕುದಿಲ್ಲ. ಹಾಗೆ ಅವ ಬಾಯಿ ತೆರೆಯುವ ಮೊದಲು ಹೊಡೆದೆ. ಮತ್ತೊಂದು ಹೊಡೆದದ್ದು, ಪುನಃ ಕರೆದದ್ದು ಕೇಳಿದ ಹಾಗೆ ಆಯ್ತು ಅಂತ."

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸೀತುವನ್ನು ದಸ್ತಗಿರಿ ಮಾಡಲಾಯಿತು. ದೇವದಾಸ ಸುಳ್ಯದ ಲಾಕಪ್ಪಿಗೆ ಹೋಗದೆ ಜೀಪನ್ನು ನೇರವಾಗಿ ಪುತ್ತೂರಿಗೆ, ಮ್ಯಾಜಿಸ್ಟ್ರೇಟರ ಮುಂದೆ ತಿರುಗಿಸಿದ. ಸರ್ಕಲ್ ಇನ್‌ಸ್ಪೆಕ್ಟರಿಗೆ ಎರಡು ಸಾಲಿನ ಚೀಟಿ ಕಳಿಸಿದ. ಸುಂದರಿ ತಾನೂ ಬರುತ್ತೇನೆಂದು ಹಿಂದಿನ ಸೀಟಿಗೆ ಹತ್ತಿದಳು. ಕಿಟ್ಟಣ್ಣ ತಡೆಯಲಿಲ್ಲ. ದಾರಿಯುದ್ದಕ್ಕೂ ಆ ಇಬ್ಬರು ಮನೆಯ ಮಾತನ್ನೇ ಆಡಿದರು: ಹಟ್ಟಿಯ ದನ ಯಾವಾಗ ಕರು ಹಾಕುತ್ತದೆ, ಉಪ್ಪಿನಕಾಯಿ ಭರಣಿಯ ಬಾಯಿಗೆ ಹೊಸ ಬಟ್ಟೆ ಕಟ್ಟಬೇಕು.

ಅಂದು ಸಂಜೆ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಬರೆಯುವಲ್ಲಿ ದೇವದಾಸ ಲೇಖನಿ ನಿಲ್ಲಿಸಿದ. ದ್ವೇಷ, ಆಸ್ತಿ, ಹಠಾತ್ ಕೋಪ, ಠಾಣೆಯಲ್ಲಿ ರೂಢಿಯಲ್ಲಿದ್ದ ಯಾವ ಪದವೂ ಹೊಂದಲಿಲ್ಲ. ಕೊನೆಗೆ ಹೀಗೆ ಬರೆದ: ಮೊದಲ ಏಟು, ಸೊಸೆಯ ಪ್ರಾಣರಕ್ಷಣೆಗಾಗಿ. ಉಳಿದ ಎರಡು, ಮಗ ಇನ್ನೊಮ್ಮೆ ಕರೆದರೆ ತಾನು ಓಗೊಡುವೆನೆಂಬ ಭಯದಿಂದ.