ಅವನದೊಂದು ಪಥ್ಯ, ಅವಳದೊಂದು ಪಥ್ಯ

"ರೀ, ಅದು ನನ್ನ ಡಬ್ಬಿ!"

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಈ ಮಾತು ಕಿವಿಗೆ ಬೀಳುವಷ್ಟರಲ್ಲಿ ಅವನು ಅರ್ಧ ಬ್ರೆಡ್ ಮುಗಿಸಿದ್ದ. ಬೆಳಗಿನಿಂದ ಖಾಲಿ ಹೊಟ್ಟೆ, ಪರೀಕ್ಷೆಗೆಂದು ರಕ್ತ ಬೇರೆ ಕೊಟ್ಟು ಬಂದಿದ್ದ. ಸೊಂಟದ ಮೇಲೆ ಕೈಯಿಟ್ಟು ಎದುರಿಗೆ ನಿಂತವಳ ಕಣ್ಣಲ್ಲಿ ಕೋಪಕ್ಕಿಂತ ಹಸಿವೇ ಹೆಚ್ಚಿತ್ತು.

"ಅಯ್ಯೋ, ಆಸ್ಪತ್ರೆಯವರು ಕೊಟ್ಟ ಡಬ್ಬಿ ಎರಡೂ ಒಂದೇ ಥರ ಇದ್ವು," ಎಂದವನು ಸುಮ್ಮನಿರಲಾರದೆ ಸೇರಿಸಿದ, "ಆದ್ರೂ ಈ ಬ್ರೆಡ್ ಮಾಡಿದವರಿಗೆ ಹಿಟ್ಟು ಉಬ್ಬೋವರೆಗೂ ಕಾಯೋ ತಾಳ್ಮೆ ಇಲ್ಲ ಬಿಡಿ."

"ನನ್ನ ಬ್ರೆಡ್ ತಿಂದು ಅದಕ್ಕೇ ಕೊಂಕು ತೆಗೀತೀರಲ್ಲ, ಏನು ಧೈರ್ಯ ರೀ ನಿಮಗೆ!"

ಅವನು ಬೇಕರಿ ನಡೆಸುವವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಅವಳದು ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ಮದುವೆಯ ಗೋಜಿಗೇ ಹೋಗಿರಲಿಲ್ಲ. ಐವತ್ತರ ಆಸುಪಾಸಿನ ಇಬ್ಬರಿಗೂ ಟೈಪ್ ಟೂ ಡಯಾಬಿಟಿಸ್. ಯಾವ ಆಹಾರ ಇನ್ಸುಲಿನ್ ಪ್ರತಿರೋಧವನ್ನು ಎಷ್ಟು ತಗ್ಗಿಸುತ್ತದೆಂದು ತಿಳಿಯಲು ಆಸ್ಪತ್ರೆ ನಡೆಸುತ್ತಿದ್ದ ಅಧ್ಯಯನಕ್ಕೆ ಸೇರಿದ್ದರು. ಚೀಟಿ ಎತ್ತಿದಾಗ ಅವಳಿಗೆ ಬಂದದ್ದು ಇಡಿಧಾನ್ಯ, ಕಾಳು, ಹಣ್ಣಿನ ಪಥ್ಯ. ಬ್ರೆಡ್ಡಿನಲ್ಲೇ ಬದುಕಿದವನಿಗೆ ಧಾನ್ಯವೇ ಇಲ್ಲದ ಮೊಟ್ಟೆ, ಮೀನು, ಸೊಪ್ಪಿನ ಪಥ್ಯ!

"ನಡೀರಿ, ಡಯಟಿಷಿಯನ್‌ಗೆ ಹೇಳೋಣ," ಎಂದಳು.

"ನನ್ನನ್ನ ಹೊರಗೆ ಹಾಕಿಬಿಟ್ರೆ?"

"ಹೇಳದಿದ್ರೆ ಅವರ ಪರೀಕ್ಷೆ ಕೆಡುತ್ತೆ. ಜೊತೆಗೆ ನಾನೂ ಬರ್ತೀನಿ, ಹೆದರ್ಬೇಡಿ."

ಡಯಟಿಷಿಯನ್ ನಕ್ಕು ಅವಳಿಗೆ ಬೇರೆ ಡಬ್ಬಿ ಕೊಟ್ಟರು. "ಅರ್ಧ ಬ್ರೆಡ್ಡಿಗೆ ಯಾರನ್ನೂ ಗಲ್ಲಿಗೇರಿಸಲ್ಲ. ಊಟ ಆದ್ಮೇಲೆ ಇಬ್ರೂ ಒಂದು ಸುತ್ತು ನಡೆದು ಬನ್ನಿ, ಸಕ್ಕರೆಗೆ ಒಳ್ಳೇದು."

ಆ ಒಂದು ಸುತ್ತು ಕ್ರಮೇಣ ಪ್ರತಿ ಸಂಜೆಯ ಅಭ್ಯಾಸವಾಯಿತು.

"ಈ ಇನ್ಸುಲಿನ್ ರೆಸಿಸ್ಟೆನ್ಸ್ ಏನೂಂತ ನಿಮಗಾದ್ರೂ ಅರ್ಥ ಆಯ್ತಾ?" ಎಂದು ಅವನು ಒಂದು ಸಂಜೆ ಕೇಳಿದ.

"ಮೈಯಲ್ಲಿ ಇನ್ಸುಲಿನ್ ಇರುತ್ತೆ, ಜೀವಕೋಶ ಅದರ ಮಾತು ಕೇಳಲ್ಲ. ಸಕ್ಕರೆ ಒಳಗೆ ಹೋಗದೆ ರಕ್ತದಲ್ಲೇ ಸುತ್ತುತ್ತೆ."

"ನನ್ನ ಮಗಳ ಥರ. ಹೇಳಿದ್ದು ಕೇಳೋದೇ ಇಲ್ಲ."

"ಅಪ್ಪನ ಥರ ಅಂತ ಅವಳು ಹೇಳ್ತಾಳೇನೋ," ಎಂದು ಅವಳು ಓರೆಗಣ್ಣಲ್ಲಿ ನೋಡಿದಳು. ಆ ನೋಟಕ್ಕೆ ಅವನು ಎದುರಿನ ದೀಪದ ಕಂಬಕ್ಕೆ ಭುಜ ಬಡಿಸಿಕೊಂಡ.

"ಅಪ್ಪಾ, ವಾಕಿಂಗ್‌ಗೆ ಯಾರಾದ್ರೂ ಸೆಂಟ್ ಹಾಕ್ಕೋತಾರಾ?" ಎಂದು ಬೇಕರಿಯ ಗಲ್ಲಾದಲ್ಲಿ ಕೂತ ಮಗಳು ಕೇಳಿದಳು. ಅವನು ಕೇಳಿಸದವನಂತೆ ಹಿಟ್ಟು ನಾದತೊಡಗಿದ.

ಅಧ್ಯಯನ ಮುಗಿದು ಫಲಿತಾಂಶ ಬಂತು. ಅವನ ಪ್ರತಿರೋಧ ಚೆನ್ನಾಗಿ ಇಳಿದಿತ್ತು, ಪ್ಯಾಂಟೂ ಸಡಿಲವಾಗಿತ್ತು. ಖುಷಿಯಲ್ಲಿ ತಿರುಗಿ ನೋಡಿದರೆ ಅವಳಿಲ್ಲ. ಅವತ್ತು ವಾಕಿಂಗಿಗೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ಅವನು ಅಂಗಡಿಗೇ ಹೋದ. ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಳು, ಕೈಯಲ್ಲಿ ಕೆಲಸವಿರಲಿಲ್ಲ.

"ನಂದು ಇಳಿದೇ ಇಲ್ಲ ರೀ," ಎಂದಳು ತಲೆಯೆತ್ತದೆ. "ಒಂದು ತುತ್ತೂ ಪಥ್ಯ ಮೀರಲಿಲ್ಲ. ನಮ್ಮಮ್ಮನ ಕಣ್ಣು ಹೋಗಿದ್ದು ಇದೇ ಕಾಯಿಲೆಗೆ. ನನ್ನ ಹೊಟ್ಟೆಪಾಡೆಲ್ಲ ಈ ಕಣ್ಣಲ್ಲೇ ಇರೋದು."

ಅವನಿಗೆ ತನ್ನ ಸಡಿಲ ಪ್ಯಾಂಟಿನ ಬಗ್ಗೆ ನಾಚಿಕೆಯಾಯಿತು. "ಏಳಿ, ಶಟರ್ ಎಳೀರಿ," ಎಂದ. "ಅವತ್ತು ನಾನು ಹೆದರಿದಾಗ ನೀವು ಜೊತೆಗೆ ಬಂದ್ರಿ. ಇವತ್ತು ನಾನು ಬರ್ತೀನಿ."

ಡಯಟಿಷಿಯನ್ ಮೊದಲು ಅವಳನ್ನು ಕಣ್ಣಿನ ಡಾಕ್ಟರ ಬಳಿಗೆ ಕಳಿಸಿದರು. ಅವನು ಹೊರಗಿನ ಬೆಂಚಿನಲ್ಲಿ ಉಗುರು ಕಚ್ಚುತ್ತ ಕೂತ. ಕಣ್ಣುಗಳಿಗೆ ಏನೂ ಆಗಿರಲಿಲ್ಲ.

"ನಿಮ್ಮ ಗುಂಪಲ್ಲೇ ತುಂಬ ಚೆನ್ನಾಗಿ ಇಳಿದವರಿದ್ದಾರೆ," ಎಂದರು ಡಯಟಿಷಿಯನ್, "ಇವರ ಗುಂಪಲ್ಲಿ ಇಳಿಯದವರೂ ಇದ್ದಾರೆ. ಒಂದೇ ಪಥ್ಯ ಎಲ್ಲರ ಮೈಗೂ ಒಗ್ಗಲ್ಲಮ್ಮ. ಕಾಳು, ತರಕಾರಿ ಇರಲಿ. ಬ್ರೆಡ್ ಕಮ್ಮಿ ಮಾಡೋಣ. ಮಾತ್ರೆ ಬದಲಾಯಿಸೋದನ್ನ ಡಾಕ್ಟರ್ ನೋಡ್ತಾರೆ. ರಾತ್ರಿ ಊಟ ಮಾತ್ರ ಬೇಗ ಮುಗಿಸಿ."

ಗೇಟಿನ ಹೊರಗೆ ಬಂದಾಗ ಅವಳ ಮುಖ ಅರಳಿತ್ತು. ಅವನು ಗಂಟಲು ಸರಿಮಾಡಿಕೊಂಡ.

"ಒಂದು ವಿಷ್ಯ ಹೇಳ್ಬೇಕಿತ್ತು. ಇಷ್ಟು ದಿನ ಸಕ್ಕರೆ ಇಳೀಲಿ ಅಂತ ನಡೀತಿದ್ದೀನಿ ಅಂದ್ಕೊಂಡಿದ್ದೆ. ನೀವು ಬರದ ಎರಡು ಸಂಜೆ ಕಾಲೇ ಏಳಲಿಲ್ಲ."

ಅವಳು ಸೆರಗಿನ ಅಂಚನ್ನು ಸುಮ್ಮನೆ ಬೆರಳಿಗೆ ಸುತ್ತಿ ಬಿಚ್ಚಿದಳು. "ಹೊಸ ಪಥ್ಯ ಇವತ್ತಿಂದಲೇ ಶುರು ಮಾಡ್ತೀನಿ," ಎಂದಳು. "ಒಬ್ಬಳಿಗೇ ಅಡುಗೆ ಮಾಡೋಕೆ ಬೇಜಾರು. ಊಟಕ್ಕೆ ಬರ್ತೀರಾ?"

"ಬೇಗ ಬರ್ತೀನಿ. ಊಟ ಆದ್ಮೇಲೆ ಎಷ್ಟು ಹೊತ್ತಿಗೆ ಹೊರಡ್ಲಿ?"

ಅವಳು ಮುಂದೆ ಹೆಜ್ಜೆ ಹಾಕಿದವಳು ತಿರುಗಿ ನಿಂತಳು.

"ಹೊರಡಿ ಅಂತ ನಾನು ಹೇಳಿದ್ನಾ?"