ತಡವಾಗಿ ಕೂಗಿದ ಸೈರನ್

ಜೈತುನಬೀ ಬಂದು ಕೂತಾಗ ನಸೀರುದ್ದೀನ ಗುರುದೇವಿಯ ಮನೆಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಶಹಾಪುರದಲ್ಲಿ ಅವನದು ಟೇಲರ್ ಅಂಗಡಿ, ಗುರುದೇವಿಯದು ಅದಕ್ಕೆ ಆತುಕೊಂಡ ಮನೆ. ಆಕೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಮಾತಿಗೆ ಮಾತು ಜೋಡಿಸಿ ನಿವೃತ್ತಳಾದವಳು. ಈಗ ಊರವರ ಗಂಟು ಬಿಡಿಸುವುದೇ ಉದ್ಯೋಗ. ಗಂಟು ಬಿದ್ದ ಊರಿಗೆ ಆಕೆಯನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು ನಸೀರುದ್ದೀನನ ಹಣೆಬರಹ. ಗೊಣಗುತ್ತಲೇ ಹೋಗುತ್ತಿದ್ದ, ಆದರೆ ಒಂದು ಸಲವೂ ತಪ್ಪಿಸಿಕೊಂಡವನಲ್ಲ.

"ಅಕ್ಕಾರ, ನನ್ನ ಮಗ ಮಲ್ಕೊಂಡಿದ್ದಿಲ್ರಿ," ಎಂದಳು ಜೈತುನಬೀ. "ಗೇಟಿನ ಚಾವಿ ಕಸಗೊಂಡಾರ. ಇವತ್ತು ಸಂಜಿಗೆ ಸಭಾ ಅದ. ಕೆಲಸನೂ ಹೋಗ್ತದ, ಮ್ಯಾಲ ಪೊಲೀಸರ ಕೈಗೂ ಕೊಡ್ತಾರಂತ."

ಮಗ ಶಾಕೀರ ವನದುರ್ಗದ ಆಚೆಯ ಹಳ್ಳಿಯೊಂದರ ನೀರಿನ ಸಂಘದಲ್ಲಿ ಗೇಟಿನವ. ಕಾಲುವೆಯ ಬಾಲದಲ್ಲಿ, ಅದರ ಕೊನೆಯ ತುದಿಯಲ್ಲಿ, ನೀರು ಏರಿದರೆ ಅಲ್ಲಿನ ತೇಲುಗುಂಡು ಸುದ್ದಿ ಹುಟ್ಟಿಸುತ್ತದೆ. ನಡುವೆ ಕೂತ ಒಂದು ತಂತ್ರಾಂಶ ಓಲೆ ಹೊತ್ತ ಹರಕಾರನ ಹಾಗೆ ಅದನ್ನು ಆ ಕ್ಷಣವೇ ಸಂಘದವರ ಫೋನುಗಳಿಗೆ ಒಯ್ಯುತ್ತದೆ. ಶಾಕೀರನ ಫೋನಿಗೆ ಸುದ್ದಿ ಮುಟ್ಟಿದರೆ ಗೇಟಿನ ಸೈರನ್ ಕೂಗುತ್ತದೆ, ಅವನು ಗೇಟು ಇಳಿಸುತ್ತಾನೆ. ಮೊನ್ನೆ ಮಧ್ಯಾಹ್ನ ನೀರು ಕಟ್ಟೆ ಒಡೆದು ಒಣಹಾಕಿದ್ದ ಮೆಣಸಿನಕಾಯಿಯನ್ನೆಲ್ಲ ಕೊಚ್ಚಿತ್ತು. ಸೈರನ್ ಕೂಗಿದ್ದು ಎಲ್ಲ ಮುಗಿದ ಮೇಲೆ.

"ಫೋನಿನಾಗ ಸುದ್ದಿ ಯಾವಾಗ ಬಂದದ?" ಗುರುದೇವಿ ಕೇಳಿದಳು.

ಜೈತುನಬೀ ತಲೆ ತಗ್ಗಿಸಿದಳು. "ನೀರು ಬರೂಕಿಂತ ಮೊದಲಿನ ಹೊತ್ತೇ ತೋರಸ್ತದ್ರಿ. ಆದ್ರ ನನ್ನ ಮಗ ಸುಳ್ಳು ಹೇಳಂಗಿಲ್ಲ."

ನಸೀರುದ್ದೀನನಿಗೆ ಅಲ್ಲಿಗೇ ಕೇಸು ಮುಗಿದಿತ್ತು. ದಾರಿಯುದ್ದಕ್ಕೂ ಸ್ಕೂಟರಿನ ಸದ್ದಿನ ಮೇಲೆ ಅದನ್ನೇ ಹೇಳಿದ. "ಸೈರನ್ನಿನ ವೈರ್ ಕಿತ್ತು ಮಲಗ್ಯಾನ, ಎದ್ದು ಜೋಡಿಸ್ಯಾನ. ತಾಯಿ ಕರುಳು, ಅಕ್ಕಾ. ಆಕಿ ಮತ್ತೇನು ಹೇಳ್ತಾಳ?"

ಊರಿನಲ್ಲಿ ಯಾರೂ ಯಾರನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಮೇಲಿನ ಭತ್ತದ ಗದ್ದೆಯವರಿಂದ ಶಾಕೀರ ದುಡ್ಡು ತಿಂದಿದ್ದಾನೆ ಎಂದು ಚಹಾದಂಗಡಿಯಲ್ಲಿ ಒಬ್ಬ ಹೇಳಿದ. ಇನ್ನೊಬ್ಬ ಸಂಘದ ಅಧ್ಯಕ್ಷ ಚಂದ್ರಾಮಪ್ಪನ ಹೆಸರು ಎತ್ತಿ, ಅಧ್ಯಕ್ಷನ ಸಂಬಂಧಿ ಬರುತ್ತಲೇ ಬಾಯಿ ಮುಚ್ಚಿದ. ಗೇಟಿನ ಕೋಣೆಯ ಮುಂದೆ ಶಾಕೀರ ಒಬ್ಬನೇ ಕೂತಿದ್ದ, ಊಟ ಮಾಡದ ಮುಖ.

"ನೀರು ಏರಿದ್ದು ನಿನಗ ಇಲ್ಲಿಂದ ಕಾಣಲಿಲ್ಲೇನು?" ಗುರುದೇವಿ ಕೇಳಿದಳು.

"ನಡುವ ದಿಬ್ಬ ಅದ್ರಿ. ಸೈರನ್ ದಿಬ್ಬ ದಾಟ್ತದ, ಮನಶ್ಯಾರ ಕೂಗು ದಾಟಂಗಿಲ್ಲ. ಸುದ್ದಿ ಬಂತು, ಗೇಟು ಇಳಿಸಿದೆ. ಓಡಿ ಹೋಗಿ ನೋಡಿದ್ರ ಎಲ್ಲಾ ಹೋಗಿತ್ತು."

ಸಂಘದ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಬಾಲರಾಜ ಇದ್ದ. ಈ ವ್ಯವಸ್ಥೆಯನ್ನು ಕೂಡಿಸಿದವನು, ನೋಡಿಕೊಳ್ಳುವವನು ಅವನೇ. ಅದರ ಬೀಗದ ಪದ, ಅಂದರೆ ಪಾಸ್‌ವರ್ಡ್, ಗೊತ್ತಿದ್ದವನೂ ಅವನೊಬ್ಬನೇ. ಇಸ್ತ್ರಿ ಮುರಿಯದ ಅಂಗಿ, ಕೇಳುವ ಮೊದಲೇ ಉತ್ತರ. ನಸೀರುದ್ದೀನನಿಗೆ ಅಂಗಿಯ ಹೊಲಿಗೆ ಹಿಡಿಸಿತು, ಆಸಾಮಿ ಹಿಡಿಸಲಿಲ್ಲ.

"ನೋಡ್ರಿ ಮೇಡಂ, ಎಲ್ಲಾ ಹಸಿರು. ಅವತ್ತಿನ ಸುದ್ದಿ 'ಕಳುಹಿಸಿದೆ' ಅಂತ ಅದ. ಸಾಲಿನಾಗ ಮೊದಲ ಅಧ್ಯಕ್ಷರು, ಆಮ್ಯಾಲ ಶಾಕೀರ. ಅಧ್ಯಕ್ಷರಿಗೆ ಟೈಮಿಗೆ ಸರಿಯಾಗಿ ಮುಟ್ಟೇದ, 'ಸಿಕ್ಕಿತು' ಅಂತ ಒತ್ಯಾರ. ಗೇಟಿನವ ನೋಡ್ಕೋತಾನ ಅಂತ ಸುಮ್ಮನಾಗ್ಯಾರ."

"ಇದರಾಗ ಗೊತ್ತಿದ್ದ ದೋಷ ಏನರೆ ಅವ ಏನು?"

"ಸಣ್ಣಪುಟ್ಟ ಅವ. ಬ್ಯಾಟರಿ ಹೋದ್ರ ತೇಲುಗುಂಡು ಮಾತಾಡಂಗಿಲ್ಲ. ಸಿಗ್ನಲ್ ಹೋದ್ರ ಆ ಫೋನ್ ಬಿಟ್ಟು ಮುಂದಿನವರಿಗೆ ಹೋಗ್ತದ. ಅಷ್ಟೇ."

"ಶಾಕೀರನಕಿಂತ ಮೊದಲು ಗೇಟಿಗೆ ಯಾರಿದ್ರು?"

ಬಾಲರಾಜ ಮೊದಲ ಸಲ ತಡವರಿಸಿದ. "ಲಾಲಪ್ಪ ಅಂತ. ತೀರಿಕೊಂಡು ವರ್ಷ ಆತು."

ಲಾಲಪ್ಪನ ಹೆಂಡತಿ ಲಾಲಮ್ಮನ ಮನೆ ಕಾಲುವೆಯ ಬಾಲದಲ್ಲೇ ಇತ್ತು. ಅಂಗಳದಲ್ಲಿ ಕೊಳೆತ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆಯಿತು. ವರ್ಷದ ದುಡಿಮೆಯೆಲ್ಲ ಕೆಸರಿನಲ್ಲಿತ್ತು.

"ಅವತ್ತು ನಮ್ಮ ಮನಿಯವರ ವರ್ಷದ ಎಡಿ ಇತ್ರಿ," ಎಂದಳು ಲಾಲಮ್ಮ. "ಅವರಿಗೆ ಸೇರೋದೆಲ್ಲ ಫೋಟೋದ ಮುಂದ ಇಟ್ಟು, ಹಿರೇರು ಬಂದು ಉಣ್ಣಲಿ ಅಂತ ಬಾಗ್ಲಾ ಮುಚ್ಚಿ ಹೊರಗ ಕುಂತಿದ್ದೆ. ನೀರು ನುಗ್ಗಿಬಿಡ್ತು. ಒಳಗ ಓಡಿ ಎಡಿಯಾಗ ಇಟ್ಟಿದ್ದನ್ನೆಲ್ಲ ಸೆರಗಿನಾಗ ಬಾಚಿಕೊಂಡೆ. ಆಗ ಹೊಡೀತು ನೋಡ್ರಿ ಆ ಹಾಳ ಸೈರನ್."

ಗುರುದೇವಿ ಒಳಗೆ ಇಣುಕಿದಳು. ನಸೀರುದ್ದೀನನೂ ಇಣುಕಿದ. ಹಾರ ಹಾಕಿದ ಫೋಟೋ, ಅದರ ಮುಂದೆ ಮತ್ತೆ ಜೋಡಿಸಿಟ್ಟ ಬೀಡಿಕಟ್ಟು, ಎಲೆಅಡಿಕೆ, ಚಹಾದ ಲೋಟ, ಹಳೆಯ ಫೋನು. ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚೇನೂ ಅವನಿಗೆ ಹೊಳೆಯಲಿಲ್ಲ. ಗುರುದೇವಿ ಮಾತ್ರ ಲಾಲಮ್ಮನ ಕೈ ಹಿಡಿದು, "ಸಂಜಿಗೆ ಸಭಾಕ್ಕ ಬಾ ತಂಗಿ. ಬರುವಾಗ ಆ ಫೋನ್ ತಗೊಂಡು ಬಾ," ಎಂದಳು.

ಸಂಜೆ ಕಚೇರಿಯಲ್ಲಿ ಚಂದ್ರಾಮಪ್ಪ ಕುರ್ಚಿಯಲ್ಲಿ, ಊರವರು ಗೋಡೆಗುಂಟ, ಜೈತುನಬೀ ಬಾಗಿಲಲ್ಲಿ. ಶಾಕೀರ ಯಾರ ಕಣ್ಣಿಗೂ ಕಣ್ಣು ಕೊಡದೆ ನಿಂತಿದ್ದ.

"ಗೌಡ್ರ, ಒಂದು ಕೆಲಸ ಮಾಡ್ರಿ," ಎಂದು ಗುರುದೇವಿ ಚಂದ್ರಾಮಪ್ಪನಿಗೆ ಹೇಳಿದಳು. "ಯಾರರೆ ಹೋಗಿ ತೇಲುಗುಂಡು ಕೈಯಿಂದ ಎತ್ತಲಿ. ನಿಮ್ಮ ಫೋನಿಗೆ ಸುದ್ದಿ ಬರ್ತದ. ನಾ ಹೇಳೋತನಕ 'ಸಿಕ್ಕಿತು' ಒತ್ತಬ್ಯಾಡ್ರಿ."

"ಅದು ಬ್ಯಾಡ ಮೇಡಂ, ವ್ಯವಸ್ಥಾ ಕೆಡ್ತದ," ಎಂದ ಬಾಲರಾಜ.

"ಕೆಟ್ಟರ ನೀ ಇದ್ದಿಯಲ್ಲಪ್ಪ, ರಿಪೇರಿ ಮಾಡು."

ಚಂದ್ರಾಮಪ್ಪನ ಫೋನು ಗುಂಯ್‌ಗುಟ್ಟಿತು. ಅವನು ಅದನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತ. ಕಂಪ್ಯೂಟರಿನಲ್ಲಿ 'ಕಳುಹಿಸಿದೆ' ಎಂದು ಹಸಿರು ಅಕ್ಷರ ಮೂಡಿತು. ಸೈರನ್ ಮಾತ್ರ ಕೂಗಲಿಲ್ಲ. ಶಾಕೀರನ ಫೋನು ಅವನ ಅಂಗೈಯಲ್ಲಿ ಸತ್ತ ಹಾಗೆ ಬಿದ್ದಿತ್ತು. ಜನ ಮುಖ ಮುಖ ನೋಡಿಕೊಂಡರು. ಹೊರಗೆ ಎಮ್ಮೆಗಳು ಮನೆಗೆ ಹೋಗುವುದು ಮುಗಿಯುವವರೆಗೂ ಕಾದರು.

"ಈಗ ಒತ್ರಿ."

ಚಂದ್ರಾಮಪ್ಪ ಒತ್ತಿದ. ಸೈರನ್ ಕಿವಿ ಹರಿಯುವ ಹಾಗೆ ಕೂಗಿತು.

"ಶಾಕೀರ, ಎಷ್ಟರ ಸುದ್ದಿ ಅದು, ಓದು."

ಶಾಕೀರ ಓದಿದ. ಅದು ತೇಲುಗುಂಡು ಎತ್ತಿದ ಹೊತ್ತು, ಈಗಿನ ಹೊತ್ತಲ್ಲ.

"ಫೋನು ತೋರಿಸೋದು ಸುದ್ದಿ ಹುಟ್ಟಿದ ಹೊತ್ತು, ಮುಟ್ಟಿದ ಹೊತ್ತಲ್ಲ," ಎಂದಳು ಗುರುದೇವಿ. "ಹಸಿರು ಅಕ್ಷರ ಹೇಳೋದು ಹರಕಾರ ಮನಿ ಬಿಟ್ಟ ಅಂತ, ಊರು ಮುಟ್ಟಿದ ಅಂತಲ್ಲ. ಫೋನ್ ಬಂದ್ ಇದ್ರ ಅವ ಮುಂದಿನವರ ಮನಿಗೆ ಹೋಗ್ತಾನ. ಚಾಲೂ ಇದ್ದು 'ಸಿಕ್ಕಿತು' ಅನ್ನದಿದ್ರ ಅದೇ ಬಾಗಲಾಗ ನಿಂತುಬಿಡ್ತಾನ. ಹಿಂದಿನವರಿಗೆ ಸುದ್ದಿ ಇಲ್ಲ. ಅವತ್ತು ಅಧ್ಯಕ್ಷರು ಒತ್ಯಾರ, ಶಾಕೀರಗ ಮುಟ್ಟಿಲ್ಲ. ಅಂದ್ರ ಇಬ್ಬರ ನಡುವ ಇನ್ನೊಂದು ಬಾಗ್ಲಾ ಇರಬೇಕು."

"ಯಾರದು?" ಚಂದ್ರಾಮಪ್ಪ ಕೇಳಿದ.

"ಶಾಕೀರನಕಿಂತ ಮೊದಲು ಸಾಲಿಗೆ ಸೇರಿದ ಗೇಟಿನವನದು. ಲಾಲಮ್ಮ, ಫೋನ್ ಚಾಲೂ ಮಾಡು. ಯಾವಾಗಿಂದ ಬಂದ್ ಇತ್ತು?"

"ಅವರು ಹೋದಾಗಿಂದ. ಅವರ ದನಿ ಅದರಾಗ ಅದ ಅಂತ ರೀಚಾರ್ಜ್ ತಪ್ಪಿಸಿಲ್ರಿ. ಎಡಿ ಇಡುವಾಗಷ್ಟೇ ಚಾಲೂ ಮಾಡಿದ್ದೆ, ಆಮ್ಯಾಲ ಬಂದ್ ಮಾಡಿದೆ."

ಗುರುದೇವಿ ಪರದೆಯನ್ನು ಅಧ್ಯಕ್ಷನ ಮುಂದೆ ಹಿಡಿದಳು. ಆ ಸುದ್ದಿ ಅದರಲ್ಲಿತ್ತು, ಎಡೆ ಬಾಚುವಾಗ ಬೆರಳು ತಾಗಿ ಬಿದ್ದ 'ಸಿಕ್ಕಿತು' ಇತ್ತು. ಅದರ ಕೆಳಗೆ ಇನ್ನೊಂದು ಸಾಲು: ನಿಮ್ಮನ್ನು ಸಾಲಿನಿಂದ ತೆಗೆಯಲಾಗಿದೆ. ದಿನ ಅದೇ, ಹೊತ್ತು ಸಂಜೆ.

"ನೀರು ಹೊಕ್ಕ ಸಂಜಿಗೆ ಲಾಲಪ್ಪನ ಹೆಸರು ಅಳಿಸ್ಯಾರ," ಎಂದಳು ಗುರುದೇವಿ. "ಬೀಗದ ಪದ ಇರೋದು ಒಬ್ಬನ ಹತ್ರ. ಬಾಲರಾಜ, ಸುದ್ದಿ ಎಲ್ಲಿ ನಿಂತಿತ್ತು ಅಂತ ಅವತ್ತೇ ನಿನಗ ಗೊತ್ತಾತು. ದೋಷ ಮೊದಲೇ ಗೊತ್ತಿತ್ತು. ವರ್ಷದ ಹಿಂದ ಅಳಿಸಬೇಕಾದ ಹೆಸರು ಅವತ್ತು ಅಳಿಸಿ, ಈ ಹುಡುಗ ಮಲಗಿದ್ದ ಅಂದಿ."

ಬಾಲರಾಜ ಕುರ್ಚಿಯ ಬೆನ್ನು ಹಿಡಿದುಕೊಂಡ. "ಸತ್ತವರ ಫೋನ್ ಮತ್ತ ಚಾಲೂ ಆಗ್ತದಂತ ಯಾರು ತಿಳೀತಾರ್ರಿ? ನನ್ನ ಹೆಸರು ಕೆಡ್ತದಂತ ಹೆದರಿದೆ."

"ಅವನ ಹೆಸರು ಕೆಟ್ಟರ ಅಡ್ಡಿ ಇಲ್ಲೇನು?" ಎಂದ ನಸೀರುದ್ದೀನ. ದನಿ ತನಗೇ ದೊಡ್ಡದಾಗಿ ಕೇಳಿತು. ಇದೇ ಹುಡುಗನನ್ನು ಬೆಳಿಗ್ಗೆ ತಾನೂ ಸುಳ್ಳುಗಾರನೆಂದದ್ದು ನೆನಪಾಗಿ ನಾಚಿಕೆಯಾಯಿತು.

ಚಂದ್ರಾಮಪ್ಪ ಎದ್ದು ಗೇಟಿನ ಚಾವಿಯನ್ನು ಶಾಕೀರನ ಕೈಗೆ ಕೊಟ್ಟ. "ತಪ್ಪಾತು ತಮ್ಮಾ. ಆದ ಲುಕ್ಸಾನಿಗೆ ಬಾಲರಾಜ ಜವಾಬು ಕೊಡ್ತಾನ," ಎಂದ. ಜೈತುನಬೀ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಜನ ಹೊರಬಿದ್ದರೂ ಲಾಲಮ್ಮ ಕೂತಲ್ಲಿಂದ ಏಳಲಿಲ್ಲ. ಫೋನು ಆಕೆಯ ಮಡಿಲಲ್ಲಿತ್ತು. ಶಾಕೀರ ಹತ್ತಿರ ಹೋಗಿ, "ನಿಮ್ಮ ತಪ್ಪಲ್ಲ ಬಿಡ್ರಿ ಕಾಕಿ," ಎಂದ.

"ಒಳಗ ಗುಂಯ್‌ಗುಂಯ್ ಅಂತಿತ್ತಪ್ಪ," ಎಂದಳು ಆಕೆ. "ಬಾಗ್ಲಾ ಮುಚ್ಚಿ ಕುಂತಿದ್ದೆನಲ್ಲ, ಕಿವಿಗೆ ಬಿತ್ತು. ಅವರು ಬಂದಾರ ಅಂತ ಕೈ ಮುಗಿದು ಕುಂತೆ. ನೀರು ಬರಾಕತ್ತದ, ಏಳು ಅಂತ ಅವರು ಕರಿಯಾಕತ್ತಿದ್ರು. ನಾ ಬಾಗ್ಲಾ ತೆಗಿಲಿಲ್ಲ."