ನಿಂತೇ ಬರುವವಳು

ಸೀಟು ಖಾಲಿಯಿದ್ದರೂ ಮಲ್ಲಿಕಾಂಬ ಬಸ್ಸಿನಲ್ಲಿ ಕೂರುತ್ತಿರಲಿಲ್ಲ. ಸಿಂಗಟಗೆರೆಯಲ್ಲಿ ಹತ್ತಿದರೆ ಕಡೂರಿನವರೆಗೂ ಕಂಬಿ ಹಿಡಿದು ನಿಂತೇ ಬರುವಳು. ತನ್ನನ್ನು ನೋಡಲೆಂದೇ ನಿಲ್ಲುತ್ತಾಳೆ ಎಂದುಕೊಂಡ ಕಂಡಕ್ಟರ್ ದೇವೀರಪ್ಪ. ಟಿಕೆಟ್ ಹರಿದು ಕೊಡುವಾಗ ಅವಳು ಕಣ್ಣೆತ್ತಿ, ಅರ್ಧ ನಕ್ಕು, ಕಿಟಕಿಯತ್ತ ತಿರುಗುವಳು. ಉಳಿದರ್ಧ ನಗೆಗಾಗಿ ಅವನು ಮರುದಿನದ ಟ್ರಿಪ್ ಕಾಯುವನು.

“ಕೂತ್ಕೊಂಡ್ರೆ ಸೀಟೇನು ಕಚ್ಚುತ್ತಾ?”

“ಕೂತ್ರೆ ಏಳಕ್ಕಾಗಲ್ಲ ಕಣ್ರೀ. ಎಬ್ಬಿಸಕ್ಕೆ ನೀವು ಬತ್ತೀರಾ?”

“ಬತ್ತೀನಿ.”

ಅವಳ ಕಿವಿ ಕೆಂಪಾಯಿತು. ಆ ತಿಂಗಳೇ ಅವನು ಪಂಚನಹಳ್ಳಿಯಿಂದ ತಾಯಿ ಕಾಶಮ್ಮನನ್ನು ಹೆಣ್ಣು ನೋಡಲು ಕರೆತಂದ. ಕಾಶಮ್ಮ ಹುಡುಗಿಯ ಸೊಂಟಕ್ಕೆ ತುಂಬಿದ ಬಿಂದಿಗೆ ಇಡಿಸಿ, ಅಂಗಳದುದ್ದ ನಡೆಸಿ ನೋಡಿದಳು. ಗಟ್ಟಿ ಹುಡುಗಿ ಎಂದು ಒಪ್ಪಿದಳು.

ಅವಳು ಬಸ್ಸಿನಲ್ಲಿ ಹೇಳಿದ್ದು ತಮಾಷೆಯಲ್ಲವೆಂದು ದೇವೀರಪ್ಪನಿಗೆ ತಿಳಿದದ್ದು ನಿಶ್ಚಿತಾರ್ಥವಾದ ಮೇಲೆ. ಒಂದು ದಿನ ಬಸ್ಸಿನಿಂದ ಇಳಿಯುವಾಗ ಎಡಗಾಲು ಏಳದೆ ಅವಳು ಮೆಟ್ಟಿಲ ಮೇಲೇ ಕುಸಿದಳು. ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆಸಿದ. ಬೆನ್ನಿನ ಕೊನೆಯ ಮೂಳೆ ಹುಟ್ಟಿನಿಂದಲೇ ಒಂದು ಪಕ್ಕ ಕೆಳಗಿನ ಸೊಂಟದ ಮೂಳೆಗೆ ಕೂಡಿಕೊಂಡಿದೆ ಎಂದರು ಡಾಕ್ಟರು. ಇದು ಎಷ್ಟೋ ಜನಕ್ಕಿರುತ್ತದೆ, ಗೊತ್ತೇ ಆಗುವುದಿಲ್ಲ. ಆದರೆ ಕೂಡಿದ ಜಾಗ ಅಲುಗುವುದಿಲ್ಲ, ಅದರ ದುಡಿಮೆಯೂ ಮೇಲಿನ ಕೀಲಿಗೇ ಬೀಳುತ್ತದೆ. ಅಂಥ ಬೆನ್ನು ಭಾರ ಹೊತ್ತೂ ಹೊತ್ತೂ ಮೂಳೆಗಳ ನಡುವಿನ ಮೆತ್ತೆ ಸವೆದುಹೋಗಿದೆ.

ದೇವೀರಪ್ಪ ಆ ಫಿಲಂ ಅನ್ನು ಮನೆಗೆ ತಂದ. ಪ್ರೀತಿಯಿಂದಲೇ ತಂದ, ಸೊಸೆಯ ಒಳಗಿನ ಫೋಟೋ ನೋಡವ್ವ ಎಂದು ಬಿಸಿಲಿಗೆ ಹಿಡಿದ. ಹುಟ್ಟಿನಿಂದಲೇ ಮೂಳೆ ಬೇರೆ ಥರ ಎಂದನಷ್ಟೆ, ಮುಂದಿನ ಮಾತಿಗೆ ಕಾಶಮ್ಮ ಬಿಡಲಿಲ್ಲ. ಫಿಲಂ ಕೈಯಿಂದ ಕೈಗೆ ಹೋಯಿತು. ಹಿರಿಯರೆದುರು ಸೆರಗು ಜಾರಗೊಡದ ಹುಡುಗಿಯ ಸೊಂಟವನ್ನು ಇಡೀ ಬೀದಿ ಮೂಳೆಯವರೆಗೂ ನೋಡಿತು. ಐಬು ಎಂದಿತು. ಸಂಬಂಧ ಮುರಿಯಿತು.

ಲಂಗ ತೊಡುವ ವಯಸ್ಸಿನಿಂದ ಆ ಸೊಂಟದ ಮೇಲೆ ಬಿಂದಿಗೆ ಕೂತಿತ್ತು, ತಲೆಯ ಮೇಲೆ ಸೌದೆ, ಹುಲ್ಲಿನ ಹೊರೆ. ಹೊರಿಸುವಾಗ ಯಾರೂ ಮೂಳೆ ಎಣಿಸಿರಲಿಲ್ಲ. ಹೊರಲಾರಳು ಎಂದ ದಿನ ಎಲ್ಲರೂ ಡಾಕ್ಟರಾದರು.

ದೇವೀರಪ್ಪ ಸಿಂಗಟಗೆರೆಯ ಕೆರೆ ಏರಿಗೆ ಬಂದಾಗ ಅವಳ ಸೊಂಟದಲ್ಲಿ ಮತ್ತೆ ಬಿಂದಿಗೆಯಿತ್ತು. ಅವನು ತಪ್ಪಾಯಿತೆಂದ.

“ತೋರ್ಸಿದ್ದಕ್ಕಲ್ಲ ನನ್ನ ಸಿಟ್ಟು. ಅರ್ಧ ಹೇಳಿ ಸುಮ್ನಾದ್ರಲ್ಲ, ಅದಕ್ಕೆ. ಉಳಿದಿದ್ದು ಹೇಳಿ ಬನ್ನಿ.”

ಅವನು ಪಂಚನಹಳ್ಳಿಗೆ ಹೋಗಿ, ಅದೇ ಬೀದಿಯವರ ಮುಂದೆ ತನ್ನ ಮನೆಯ ಜಗಲಿಯ ಮೇಲೆ ನಿಂತ.

“ಮೂಳೆ ಹುಟ್ಟಿನಿಂದ ಬಂದಿದ್ದು. ನೋವು ನಾವು ಕೊಟ್ಟಿದ್ದು. ಅವ್ವಾ, ಅವತ್ತು ನೀನೂ ಬಿಂದಿಗೆ ಹೊರಿಸ್ದೆ.”

ಕಾಶಮ್ಮ ಒಳಗಿನಿಂದ ಅಗುಳಿ ಹಾಕಿಕೊಂಡಳು.

ಮರುದಿನ ಮಲ್ಲಿಕಾಂಬ ಬಸ್ ಹತ್ತಿದಾಗ ದೇವೀರಪ್ಪ ಎಲ್ಲವನ್ನೂ ಹೇಳಿದ. ಕಡೂರಿನಲ್ಲಿ ನಮ್ಮಿಬ್ಬರಿಗೆ ಬಾಡಿಗೆಗೆ ಒಂದು ರೂಮು ನೋಡಿದ್ದೇನೆ, ನಲ್ಲಿ ಬಾಗಿಲಲ್ಲೇ ಇದೆ ಎಂದ. ಅವಳು ಒಂದು ಕೈಯಿಂದ ಸೊಂಟ ಒತ್ತಿಕೊಂಡಳು.

“ಇದು ಪೂರಾ ವಾಸಿಯಾಗಲ್ವಂತೆ.”

“ಗೊತ್ತು ಕಣೇ.”

ಮಲ್ಲಿಕಾಂಬ ಕಂಬಿ ಬಿಟ್ಟಳು. ಹಲ್ಲು ಕಚ್ಚಿ, ಮೆಲ್ಲಗೆ ಸೀಟಿನಲ್ಲಿ ಕೂತಳು. ಕಡೂರು ಬಂತು, ಜನ ಇಳಿದರು. ಅವಳಿಗೆ ಏಳಲಾಗಲಿಲ್ಲ, ಕೈ ಚಾಚಿದಳು. ಅವನು ಬಾಗಿ ಎಬ್ಬಿಸುವಾಗ ಅವಳ ಉಗುರು ಅವನ ಮಣಿಕಟ್ಟಿನಲ್ಲಿ ರಕ್ತ ಬರುವಂತೆ ನಾಟಿತು. ಇಬ್ಬರೂ ಕೈ ಬಿಡಲಿಲ್ಲ.